ಬೊಮ್ಮನ್ ಪೆಟ್ಟಿಗೆಗೆ ಹೇಳಿದ ದಾರಿ

೧

ಮೊದಲ ವಾಕ್ಯವನ್ನು ಮೂರು ಸಲ ಬರೆದೆ, ಮೂರು ಸಲವೂ ಹೊಡೆದುಹಾಕಿದೆ. ನೀವೀಗ ಓದುತ್ತಿರುವುದು ನಾಲ್ಕನೆಯದು. ಇದೂ ಏನು ಮಹಾ ಅಲ್ಲ, ಆದರೆ ಎಲ್ಲಾದರೂ ಒಂದು ಕಡೆ ಕಾಲೂರಬೇಕಲ್ಲ. ಹೊಡೆದುಹಾಕಿದ್ದನ್ನೂ ತೋರಿಸಿಬಿಡುತ್ತೇನೆ, ಮುಚ್ಚುಮರೆ ಯಾಕೆ?

ಒಂದು: "ಪುಲ್ಪಳ್ಳಿ ಪೇಟೆಯಲ್ಲಿ ಕರಿಮೆಣಸು ಕೊಳ್ಳುವ ಅಂಗಡಿಯ ಮಹಡಿಯ ಮೇಲೆ ಅಡ್ಡಗೆರೆ ಪ್ರಕಾಶನ ಎಂಬ ಪುಟ್ಟ ಸಂಸ್ಥೆಯಿದೆ." (ಗೆಜೆಟಿಯರ್ ಓದಿದ ಹಾಗಾಯಿತು. ಬಿಟ್ಟೆ.)

ಎರಡು: "ಬೊಮ್ಮನ್ ಸತ್ತು ಹನ್ನೊಂದು ದಿನವಾಗಿತ್ತು." (ಸಾವಿನಿಂದ ಸುರುಮಾಡಿದರೆ ಓದುಗರು ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ ಎಂಬುದು ಕಥೆಗಾರರ ಹಳೇ ಚಾಳಿ. ನಾಚಿಕೆಯಾಯಿತು. ಬಿಟ್ಟೆ.)

ಮೂರು: "ಕಲೆಗಾಗಿ ಎಷ್ಟು ಕಳೆದುಕೊಳ್ಳಬಹುದು?" (ಬೇರೆಯವರದ್ದಾದರೆ ಎಷ್ಟು ಬೇಕಾದರೂ. ಇದನ್ನು ಬಿಡಲು ಮನಸ್ಸಿರಲಿಲ್ಲ, ಬಿಟ್ಟೆ.)

೨

ಅಡ್ಡಗೆರೆಯ ಒಡತಿ ಸುಮತಿಗೆ ಐವತ್ತಾರು. ಎಷ್ಟೋ ತಲೆಮಾರಿನ ಹಿಂದೆ ಕನ್ನಡ ಸೀಮೆಯಿಂದ ಬಂದು ವಯನಾಡಿನಲ್ಲಿ ಬೇರು ಬಿಟ್ಟ ಜೈನ ಮನೆತನದವಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ಸಿಟ್ಟು ಬಂದಾಗ ಎರಡೂ. ಅಣ್ಣ ನೇಮಿಚಂದ್ರ ಕೆಳಗಡೆ ಮೆಣಸು ಕೊಳ್ಳುತ್ತಾನೆ. ತಂಗಿ ಮಹಡಿಯ ಮೇಲೆ ಯಾರೂ ಕೊಳ್ಳದ ಪುಸ್ತಕಗಳನ್ನು ಅಚ್ಚು ಹಾಕುತ್ತಾಳೆ, ಯಾರೂ ನೋಡದ ಸಿನಿಮಾ ತೆಗೆಯುತ್ತಾಳೆ. ಅಡ್ಡಗೆರೆಯ ಪುಸ್ತಕ ಬಿಚ್ಚಿದವರು ಮೊದಲು ಒಂದು ಸಲ ಸೀನುತ್ತಾರೆ, ಮೆಣಸಿನ ಧೂಳು ಅಷ್ಟು ಸೇರಿರುತ್ತದೆ. ವಿಮರ್ಶೆ ಅಂತ ಬಂದದ್ದು ಹೆಚ್ಚಾಗಿ ಅದೇ.

ಅವಳು ಹಾಕಿದ ಒಂದು ಕಾದಂಬರಿಯಲ್ಲಿ ಕ್ರಿಯಾಪದಗಳೇ ಇಲ್ಲ. ಇನ್ನೊಂದನ್ನು ಕನ್ನಡಿ ಹಿಡಿದು ಓದಬೇಕು. ನನ್ನದೂ ಒಂದಿದೆ. ಹೊಲಿಗೆಯಿಲ್ಲ, ಪುಟಸಂಖ್ಯೆಯಿಲ್ಲ, ಬಿಡಿ ಹಾಳೆಗಳನ್ನು ರಟ್ಟಿನ ಡಬ್ಬಿಯಲ್ಲಿಟ್ಟು ಕೊಡುತ್ತೇವೆ, ಬೇಕಾದ ಹಾಗೆ ಜೋಡಿಸಿಕೊಂಡು ಓದಿ. ಒಬ್ಬರು ಕಾಗದ ಬರೆದಿದ್ದರು: "ನಿಮ್ಮ ಹಾಳೆಗಳು ಗಾಳಿಗೆ ಹಾರಿಹೋದವು, ಅರ್ಧ ಸಿಕ್ಕಿವೆ, ಕಥೆಗೇನೂ ನಷ್ಟವಾಗಿಲ್ಲ." ಅದನ್ನು ಮೆಚ್ಚುಗೆ ಎಂದೇ ತಿಳಿದುಕೊಂಡಿದ್ದೇನೆ.

ನಗಬೇಡಿ. (ಅಥವಾ ಈಗಲೇ ನಕ್ಕುಬಿಡಿ, ಮುಂದೆ ಅಷ್ಟಾಗಿ ಜಾಗ ಸಿಗುವುದಿಲ್ಲ.) ಸುಮತಿ ನಿಜವಾಗಿ ನಂಬಿದವಳು. ಗೋಡೆಯ ಮೇಲೆ ಅಡ್ಡಗೆರೆಯ ನಿಯಮಗಳನ್ನು ತನ್ನ ಕೈಯಲ್ಲೇ ಬರೆದು ಅಂಟಿಸಿದ್ದಾಳೆ. ಆರನೆಯದು ಹೀಗಿದೆ: "ಚಿತ್ರಕ್ಕೆ ಶಬ್ದದ ಊರುಗೋಲು ಬೇಡ. ನಾವು ಶಬ್ದವನ್ನು ಅಳಿಸುವುದಿಲ್ಲ, ಹಿಡಿಯುವುದೇ ಇಲ್ಲ." ಈ ಕಥೆಗೆ ಬೇಕಾದದ್ದು ಆ ಆರನೆಯ ನಿಯಮ ಒಂದೇ.

೩

ಎರಡು ವರ್ಷದ ಹಿಂದೆ ಅಡ್ಡಗೆರೆ ಒಂದು ಸಿನಿಮಾ ಮಾಡಿತು. ಎಪ್ಪತ್ತೊಂದು ನಿಮಿಷ. ಹೆಸರು 'ಎಡಗೆನ್ನೆ'. ಅದರಲ್ಲಿ ಇರುವುದೂ ಅಷ್ಟೇ: ಕೊಳವಳ್ಳಿ ಹತ್ತಿರದ ಹಾಡಿಯ ಬೊಮ್ಮನ್ ಎಂಬ ಮುದುಕನ ಎಡಗೆನ್ನೆ, ಎಡಗಿವಿ, ತುಟಿಯ ಒಂದು ಮೂಲೆ. ಅವನು ಮಾತಾಡುತ್ತಾನೆ, ಕೆನ್ನೆ ಅಲುಗುತ್ತದೆ, ಬಿಸಿಲು ಮೇಲಿನಿಂದ ಕೆಳಗೆ ಸರಿಯುತ್ತದೆ. ಶಬ್ದವಿಲ್ಲ.

ಬೊಮ್ಮನ್ ಹುಟ್ಟಿದ್ದು ಒಳಗಾಡಿನಲ್ಲಿ. ಜೇನು ಇಳಿಸುತ್ತಿದ್ದವನು. ಫಾರೆಸ್ಟಿನವರು ಅಲ್ಲಿಂದ ಎಲ್ಲರನ್ನೂ ಹೊರಗೆ ತಂದು ಬಿಟ್ಟ ಮೇಲೆ ಪರರ ತೋಟದಲ್ಲಿ ಮೆಣಸು ಕೊಯ್ದ. ಹೆಂಡತಿ ಕಾಡಿನಲ್ಲಿರುವಾಗಲೇ ತೀರಿಹೋಗಿದ್ದಳು, ಎರಡು ವರ್ಷದ ಕೂಸನ್ನು ಬಿಟ್ಟು. ಆ ಕೂಸು ಕಾರ್ತ್ಯಾಯಿನಿ. ಈಗ ಕೊಳವಳ್ಳಿಯ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಾಳೆ. ಚಿತ್ರ ತೆಗೆದ ಬೆಳಿಗ್ಗೆ ಅವಳು ಕೆಲಸಕ್ಕೆ ಹೋಗಿದ್ದಳು.

ಕ್ಯಾಮೆರಾ ಹಿಡಿದವನು ಕಲ್ಲೂರಿನ ಅರುಣ್. ಮದುವೆ ವಿಡಿಯೋ ತೆಗೆದು ಹೊಟ್ಟೆ ಹೊರೆಯುವವನು, ಹಾಗಾಗಿ ಸ್ವಲ್ಪ ಬುದ್ಧಿಯಿದ್ದವನು. "ಚೇಚೀ, ಇರ್ಲಿ ಅಂತ ಕ್ಯಾಮೆರಾ ಮೈಕಾದ್ರೂ ಆನ್ ಇಡ್ತೇನೆ. ಆಮೇಲೆ ಬೇಡ ಅಂದ್ರೆ ತೆಗೆದು ಬಿಸಾಕಿದ್ರಾಯ್ತು" ಎಂದ. (ಚೇಚಿ ಎಂದರೆ ಮಲಯಾಳದಲ್ಲಿ ಅಕ್ಕ.) ಸುಮತಿ ಒಪ್ಪಲಿಲ್ಲ. 'ಆಮೇಲೆ' ಎಂಬುದು ಇದ್ದರೆ ಆಸೆ ಹುಟ್ಟುತ್ತದೆ, ಎಂದಳು. ಅವನು ಆಡಿಯೋ ಆಫ್ ಮಾಡಿದ್ದನ್ನು ತಾನೇ ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡಳು.

ಆಮೇಲೆ ಬೊಮ್ಮನ್‌ಗೆ, "ಏನಾದ್ರೂ ಹೇಳಿ ಅಪ್ಪಾ, ನಿಮಗೆ ಮನಸ್ಸಿಗೆ ಬಂದದ್ದು" ಎಂದಳು.

ಅವನು ಕ್ಯಾಮೆರಾ ಕಡೆ ಗದ್ದ ಎತ್ತಿ ತೋರಿಸಿದ. "ಈ ಪೆಟ್ಟಿಗೆ ನಾ ಹೇಳಿದ್ದ ಇಟ್ಕಳ್ತದಾ?"

"ಇಟ್ಕೊಳ್ತದೆ."

"ನಾ ಹೋದ ಮೇಲೂ?"

"ಹೋದ ಮೇಲೂ ಇರ್ತದೆ."

ಸುಮತಿ ಸುಳ್ಳು ಹೇಳಲಿಲ್ಲ. ಅವಳು ಕೆನ್ನೆಯ ಬಗ್ಗೆ ಹೇಳಿದ್ದಳು. ಅವನು ಒಂದು ಗಂಟೆಗೂ ಮೇಲೆ ನಿಧಾನವಾಗಿ, ತನ್ನ ಕಾಡು ನುಡಿಯಲ್ಲಿ ಹೇಳಿದ. ಅದು ಕನ್ನಡಕ್ಕೆ ದಾಯಾದಿ, ಮನಸ್ಸಿಟ್ಟರೆ ಮುಕ್ಕಾಲು ಪಾಲು ಅರ್ಥವಾಗುವಂಥದ್ದು.

(ಚಿತ್ರ ಹೊರದೇಶದ ಒಂದು ಚಿತ್ರೋತ್ಸವಕ್ಕೂ ಹೋಯಿತು. ಅದರ ಮೌನದ ಮೇಲೆ ಯಾರೋ ಪುಣ್ಯಾತ್ಮ ಹನ್ನೆರಡು ಪುಟದ ಲೇಖನ ಬರೆದ. "ಬೊಮ್ಮನ್ ಏನು ಹೇಳುತ್ತಿದ್ದಾನೆ ಎಂಬುದು ಇಲ್ಲಿ ಮುಖ್ಯವೇ ಅಲ್ಲ" ಎಂಬ ವಾಕ್ಯ ಅದರಲ್ಲಿದೆ. ಆ ಪುಣ್ಯಾತ್ಮ ನಾನು.)

೪

ಈಗ ಬೊಮ್ಮನ್ ಸತ್ತು ಹನ್ನೊಂದು ದಿನ. ಬೆಳಿಗ್ಗೆ ಬಸ್ಸಿಳಿದ ಕಾರ್ತ್ಯಾಯಿನಿ ಮೆಣಸಿನ ಮೂಟೆಗಳ ಪಕ್ಕದ ಮೆಟ್ಟಿಲು ಹತ್ತಿ ಬಂದಳು. ಸುಮತಿ ಪ್ರೂಫ್ ನೋಡುತ್ತಿದ್ದಳು. ಸಾವಿನ ಸುದ್ದಿ ಕೇಳಿ ಎದ್ದು ನಿಂತಳು, ಕಣ್ಣಲ್ಲಿ ನೀರು ಬಂತು, ಕುರ್ಚಿ ಎಳೆದು ಕೊಟ್ಟಳು. ಅಳು ನಿಜವಾದದ್ದೇ. ಸುಮತಿಯನ್ನು ನಾನು ಕೆಟ್ಟವಳನ್ನಾಗಿ ಮಾಡಲಾರೆ, ಎರಡು ಡ್ರಾಫ್ಟಿನಲ್ಲಿ ಪ್ರಯತ್ನಪಟ್ಟು ಸೋತಿದ್ದೇನೆ.

"ಚೇಚಿ, ಅಪ್ಪ ಪೆಟ್ಟಿಗೆಗೆ ಹೇಳಿದ್ದ ಕೇಳಬೇಕು" ಎಂದಳು ಕಾರ್ತ್ಯಾಯಿನಿ.

ಆಮೇಲೆ ವಿವರಿಸಿದಳು. ಅವರ ಮನೆಯಲ್ಲಿ ಒಂದು ಕಟ್ಟಳೆ ಉಂಟು. (ಬೇರೆ ಮನೆಗಳಲ್ಲಿ ಹೇಗೋ, ನನಗೆ ತಿಳಿಯದು.) ಗಂಡನನ್ನು ಮಣ್ಣು ಮಾಡಿದಾಗ ತಲೆಯ ಕಡೆ ಒಂದು ಹಿಡಿ ಮಣ್ಣಿನಷ್ಟು ಜಾಗ ಬಾಕಿ ಬಿಡುತ್ತಾರೆ. ಮೊದಲ ಅಮಾವಾಸ್ಯೆಯೊಳಗೆ ಹೆಂಡತಿಯ ಗುಣಿಯಿಂದ ಒಂದು ಹಿಡಿ ಮಣ್ಣು ತಂದು ಅದನ್ನು ತುಂಬಬೇಕು. ತುಂಬದಿದ್ದರೆ ಇಬ್ಬರೂ ಒಬ್ಬರನ್ನೊಬ್ಬರು ಹುಡುಕಿಕೊಂಡು ಅಲೆಯುತ್ತಾರೆ. ಆದರೆ ಅಮ್ಮನ ಗುಣಿ ಎಲ್ಲಿದೆಯೆಂದು ಅಪ್ಪ ಬದುಕಿರುವವರೆಗೆ ಮಕ್ಕಳಿಗೆ ಹೇಳುವಂತಿಲ್ಲ. ಹೇಳಿದರೆ ಸಾವನ್ನು ಕರೆದಂತೆ. ಸಾಯುವ ಹೊತ್ತಿಗೆ ಸಂಬಂಧಿಕರಲ್ಲಿ ಒಬ್ಬ ಹಿರಿಯನಿಗೆ ಹೇಳಿ ಹೋಗುವುದು ರೂಢಿ. ಬೊಮ್ಮನ್ ಜೊತೆ ಹೆಂಡತಿಯ ಹೆಣ ಹೊತ್ತಿದ್ದ ಅಣ್ಣ ಎಂದೋ ತೀರಿಕೊಂಡಿದ್ದ. ಇನ್ನು ಹಿರಿಯರು ಯಾರೂ ಉಳಿದಿರಲಿಲ್ಲ.

"ಅದಕ್ಕೇ ಅಪ್ಪ ಪೆಟ್ಟಿಗೆಗೆ ಹೇಳಿದ್ದು. ಅವತ್ತು ಸಂಜೆ ನಾ ಪಣಿ ಮುಗಿಸಿ ಬಂದಾಗ ಭಾರಿ ಖುಷೀಲಿ ಇದ್ದ ಚೇಚಿ. ಪೆಟ್ಟಿಗೆಗೆ ಹೇಳಿದ್ರೆ ಮಗಳಿಗೆ ಹೇಳಿದಂಗಲ್ಲ, ದಾರಿ ಪೂರಾ ಹೇಳಿದೀನಿ, ನಾ ಹೋದ ಮೇಲೆ ಹೋಗಿ ಕೇಳು ಅಂದ."

ಫಾರೆಸ್ಟಿನವರು ಒಂದು ದಿನದ ಮಟ್ಟಿಗೆ ವಾಚರ್ ಜೊತೆ ಒಳಗೆ ಬಿಡಲು ಒಪ್ಪಿದ್ದರು. ಒಂದೇ ದಿನ. ಹಳೆಯ ಕಾಲುದಾರಿಗಳನ್ನೆಲ್ಲ ಮಂಜಕೊನ್ನೆ ಎಂಬ ಹಳದಿ ಹೂವಿನ ಕಳೆಮರ ಮುಚ್ಚಿಬಿಟ್ಟಿದೆ, ಆನೆ ಬೇರೆ. ಸುಮ್ಮನೆ ಹುಡುಕುತ್ತ ತಿರುಗುವಂತಿಲ್ಲ. ಅಮಾವಾಸ್ಯೆಗೆ ಐದು ದಿನವಿತ್ತು.

ಸುಮತಿ ಪ್ರೂಫಿನ ಹಾಳೆಗಳನ್ನು ಒಟ್ಟುಮಾಡತೊಡಗಿದಳು. "ಅದು ಅರುಣ್ ಹತ್ರ ಇದೆ. ಮೂರು ದಿನ ಬಿಟ್ಟು ಬಾ, ತರಿಸಿಡ್ತೇನೆ" ಎಂದಳು.

೫

ಸುಮತಿ ಅರುಣ್‌ಗೆ ಫೋನ್ ಮಾಡಿದಳು.

"ಒಂದು ಸಣ್ಣ ತುಂಡಾದ್ರೂ ಇರ್ಬಹುದಲ್ವಾ ಅರುಣ್? ಟೆಸ್ಟ್ ಮಾಡುವಾಗ, ಸುರುವಿಗೆ?"

"ಎಲ್ಲಾ ಕ್ಲಿಪ್ ನೋಡಿದೆ ಚೇಚಿ. ಏನೂ ಇಲ್ಲ."

"ನಿನ್ನ ಮೊಬೈಲಲ್ಲಿ?"

"ಮೊಬೈಲನ್ನೂ ನೀವೇ ತಗೊಂಡು ಬ್ಯಾಗಲ್ಲಿ ಹಾಕಿದ್ರಲ್ಲ." ಬೈಯುವ ದನಿಯಲ್ಲೂ ಅಲ್ಲ, ಅವನು ಕೇಳಿದ: "ಆದ್ರೆ ನೀವು ಪಕ್ಕದಲ್ಲೇ ಇದ್ರಲ್ವಾ. ನನಗೆ ಆ ಭಾಷೆ ತಿಳಿಯೋದಿಲ್ಲ. ನಿಮಗೆ ತಿಳೀತದೆ. ಏನು ಹೇಳಿದ್ದು ಅಂತ ನೆನಪಿಲ್ವಾ?"

ಸುಮತಿ ಫೋನಿಟ್ಟು ಕೂತಳು. ನೆನಪು ಮಾಡಿಕೊಂಡಳು. ಕೆನ್ನೆಯ ಮೇಲಿನ ಬಿಸಿಲು ನೆನಪಿತ್ತು. ಕಿವಿಯ ಹಿಂದಿನ ಮಚ್ಚೆ, ತುಟಿಯ ಮೂಲೆಯ ವೀಳ್ಯದ ಕೆಂಪು, ಒಂದು ನೊಣ ಬಂದು ಕೂತಾಗ ತಾನು ಉಸಿರು ಹಿಡಿದದ್ದು, ಎಲ್ಲ ನೆನಪಿತ್ತು. ಒಂದು ಮಾತೂ ನೆನಪಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಆಡಿದವನು ಜೋಪಾನವಾಗಿಯೇ ಆಡಿದ್ದ.

೬

ಇಲ್ಲಿ ನಿಮಗೆ ಕೆಲವು ಮುಕ್ತಾಯಗಳನ್ನು ಕೊಡಬೇಕು. ಅಡ್ಡಗೆರೆಯ ಲೇಖಕನಾಗಿ ಅದು ನನ್ನ ಕರ್ತವ್ಯ.

(ಅ) ಪಕ್ಕದ ಗುಡಿಸಲಿನ ಯಾರೋ ಆ ದಿನ ಮೊಬೈಲಲ್ಲಿ ರೆಕಾರ್ಡ್ ಮಾಡಿರುತ್ತಾರೆ. ಧ್ವನಿ ಸಿಗುತ್ತದೆ. ಮಗಳು ಅಳುತ್ತಾಳೆ, ಸುಮತಿ ಅಳುತ್ತಾಳೆ, ನೀವೂ. (ಯಾರೂ ರೆಕಾರ್ಡ್ ಮಾಡಿರಲಿಲ್ಲ. ಹಾಡಿಗೆ ಹೋಗಿ ಕೇಳಿಕೊಂಡು ಬಂದೆ.)

(ಆ) ಕಿವುಡ ಮೂಗರ ಶಾಲೆಯ ಟೀಚರೊಬ್ಬರು ತುಟಿ ಓದುತ್ತಾರೆ. (ತುಟಿ ಎಲ್ಲಿದೆ? ಮೂಲೆ ಮಾತ್ರ ಫ್ರೇಮಿನಲ್ಲಿದೆ. ದಾರಿ ಹೇಳುವಾಗ ಮನುಷ್ಯ ಕೈ ತೋರಿಸದೆ ಇರುತ್ತಾನೆಯೇ? ಕೈ ಫ್ರೇಮಿನಲ್ಲೇ ಇಲ್ಲ. ಕೆನ್ನೆ ಸಾಕು ಎಂದು ತೀರ್ಮಾನವಾಗಿತ್ತು.)

(ಇ) ಇದನ್ನು ನಾನು ಕಲ್ಪಿಸಿದ್ದಲ್ಲ. ಎರಡನೆಯ ದಿನ ಸುಮತಿ ನನಗೆ ಫೋನ್ ಮಾಡಿದಳು. "ನೀವು ಕಥೆಗಾರರಲ್ವಾ? ಒಂದು ದಾರಿ ಬರೆದುಕೊಡಿ. ಹಳ್ಳ, ಬಂಡೆ, ಮರ, ಏನಾದ್ರೂ. ಅವಳಿಗೆ ಒಂದು ಹಿಡಿ ಮಣ್ಣು ಬೇಕು, ಅಷ್ಟೇ. ಮಣ್ಣು ಎಲ್ಲಿದಾದ್ರೇನು?"

ನಾನು ಬರೆದುಕೊಟ್ಟೆ. ಒಂದೂವರೆ ಪುಟ. ಎರಡನೆಯ ಹಳ್ಳ ದಾಟಿ, ಆನೆ ಮೈ ಉಜ್ಜಿ ನುಣುಪಾದ ಬಂಡೆಯನ್ನು ಬಲಕ್ಕಿಟ್ಟುಕೊಂಡು, ಜೋಡಿ ನೇರಳೆಮರದ ಬುಡಕ್ಕೆ. ಬಿಡಿ ಹಾಳೆಯಲ್ಲ, ಹಿಂದುಮುಂದಿಲ್ಲ, ಕ್ರಿಯಾಪದ ಸಮೇತ. ಇಪ್ಪತ್ತು ವರ್ಷದಲ್ಲಿ ಅಷ್ಟು ನೇರವಾಗಿ ನಾನು ಬರೆದದ್ದಿಲ್ಲ. ಬರೆದು ಮುಗಿಸಿದಾಗ ಖುಷಿಯೂ ಆಯಿತು. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಕಾರ್ತ್ಯಾಯಿನಿ ಆ ರಾತ್ರಿ ನನ್ನ ಡ್ರಾಫ್ಟಿಗೇ ನುಗ್ಗಿದಳು. (ಪಾತ್ರಗಳು ಹೀಗೆ ಬರುವುದುಂಟು. ನಂಬದಿದ್ದರೆ ಬಿಡಿ.)

"ಆ ಬಂಡೆ ಎಲ್ಲಿದೆ?" ಎಂದಳು.

"ನಾನು ಮಾಡಿದ್ದು."

"ಆ ಹಳ್ಳ?"

"ಅದೂ."

"ಮತ್ತೆ ನಾ ಹೋಗೋ ಕಾಡು ನಿಮ್ಮದಲ್ಲವಲ್ಲ ಸಾರೇ. ಅಲ್ಲಿರೋದು ನಿಜವಾದ ಆನೆ."

ಅಷ್ಟರಲ್ಲಿ ಹಾಳೆಯನ್ನು ಸುಮತಿಗೆ ಕಳಿಸಿದ್ದೆ, ಅದು ತಲುಪಿಯೂ ಆಗಿತ್ತು.

೬ (ಮತ್ತೆ, ಏಳಕ್ಕೆ ಹೋಗಲು ಕಾಲು ಬರುತ್ತಿಲ್ಲ)

ಹೇಳಿದ ಹಾಗೆ ಮೂರು ದಿನ ಬಿಟ್ಟು ಕಾರ್ತ್ಯಾಯಿನಿ ಬಂದಳು. ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆ ಉಟ್ಟು ಬಂದಿದ್ದಳು. ಸುಮತಿ ಕಿಟಕಿ ಮುಚ್ಚಿ ಗೋಡೆಯ ಮೇಲೆ ಚಿತ್ರ ಬಿಟ್ಟಳು. ಶಬ್ದ ಇಲ್ಲ ಎಂದು ಮೊದಲೇ ಹೇಳಬೇಕೆಂದಿದ್ದಳು. ಬಾಯಿ ಬರಲಿಲ್ಲ.

ಗೋಡೆಯ ತುಂಬ ಅಪ್ಪನ ಕೆನ್ನೆ ಕಂಡಾಗ ಕಾರ್ತ್ಯಾಯಿನಿ ಎದ್ದು ಹತ್ತಿರ ಹೋದಳು. ಸ್ವಲ್ಪ ಹೊತ್ತು ಕಾದಳು. "ದನಿ ಹಾಕಿ ಚೇಚಿ."

"ದನಿ ಇಲ್ಲ ಕಾರ್ತ್ಯಾಯಿನಿ."

"ಕೆಟ್ಟೋಯ್ತಾ?"

"ಇಲ್ಲ. ನಾವು ಹಿಡಿಯಲೇ ಇಲ್ಲ. ಬೇಕು ಅಂತಲೇ ಬಿಟ್ಟದ್ದು."

ಬೇಕು ಅಂತಲೇ ಎಂಬುದು ಕಾರ್ತ್ಯಾಯಿನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಸಲು ಸುಮತಿ ಗೋಡೆಯ ಮೇಲಿನ ಆರನೆಯ ನಿಯಮ ಓದಬೇಕಾಗಿತ್ತು. ಓದಲಿಲ್ಲ.

ಕಾರ್ತ್ಯಾಯಿನಿ ಗಲಾಟೆ ಮಾಡಲಿಲ್ಲ. ಕೂತು ನೋಡಿದಳು. ಹತ್ತು ನಿಮಿಷವಾದ ಮೇಲೆ ಅವಳ ಮುಖದಲ್ಲಿ ಏನೋ ಬದಲಾಯಿತು.

"ನೋಡಿ, ಅಪ್ಪ ನಿಲ್ಲಿಸಿ ನಿಲ್ಲಿಸಿ ಹೇಳ್ತಾನೆ. ಒಂದು ಮಾತು, ಆಮೇಲೆ ಕಾಯ್ತಾನೆ. ಪಿನ್ನೆ ಇನ್ನೊಂದು ಮಾತು. ಯಾರೋ ಹೂಂ ಅಂತಿದಾರೆ ಚೇಚಿ. ಹೂಂ ಅನ್ನೋರಿಲ್ದೆ ನಮ್ಮೋರು ಯಾರೂ ಹೇಳಲ್ಲ. ಯಾರು ಅದು?"

ಸುಮತಿ ಗೋಡೆಯನ್ನೇ ನೋಡುತ್ತ ಹೇಳಿದಳು. "ನಾನೇ."

"ನೀವಾ!" ಕಾರ್ತ್ಯಾಯಿನಿ ಇತ್ತ ತಿರುಗಿದಳು. ಸಾವಿನ ಮನೆಯಿಂದ ಬಂದವಳ ಮುಖದಲ್ಲಿ ಅಷ್ಟು ನಗು ಸುಮತಿ ನಿರೀಕ್ಷಿಸಿರಲಿಲ್ಲ. "ಮತ್ತೆ ಸರಿಯಾಯ್ತಲ್ಲ! ದನಿ ಯಾಕೆ? ನಿಮಗೆ ಗೊತ್ತುಂಟಲ್ಲ. ಹೇಳಿ, ಹೇಳಿ."

ನಮ್ಮಲ್ಲಿ ಕಥೆ ಕೇಳುವಾಗ ಹೂಂಗುಟ್ಟುವುದೆಂದರೆ ಏನೆಂದು ನಿಮಗೆ ಹೇಳಿಕೊಡಬೇಕಿಲ್ಲ. ನೀನು ಹೇಳಿದ್ದು ನನ್ನನ್ನು ಮುಟ್ಟಿತು, ಮುಂದೆ ಹೇಳು ಎಂದರ್ಥ. ಬೊಮ್ಮನ್ ಪ್ರತಿ ತಿರುವಿಗೂ ಕಾದ. ಪ್ರತಿ ತಿರುವಿಗೂ ಸುಮತಿ ಹೂಂ ಎಂದಳು, ಕಣ್ಣು ಮಾನಿಟರಿನಲ್ಲಿಟ್ಟುಕೊಂಡು, ಕೆನ್ನೆ ಅಲುಗುತ್ತಿರಲಿ ಎಂಬ ಒಂದೇ ಕಾರಣಕ್ಕೆ. ಮುದುಕ ಅದನ್ನು ನಂಬಿ ಮುಂದೆ ಮುಂದೆ ಹೋದ, ಹೆಂಡತಿಯ ಗುಣಿಯ ತನಕ ಸುಮತಿಯನ್ನು ಕರೆದುಕೊಂಡು ಹೋಗಿ ಬಿಟ್ಟ. ಅವಳು ಹೋಗಿರಲೇ ಇಲ್ಲ.

೭

ಸುಮತಿಯ ಮೇಜಿನ ಮೇಲೆ ನನ್ನ ಒಂದೂವರೆ ಪುಟವಿತ್ತು. ಕೈಗೆತ್ತಿಕೊಂಡಳು. "ಆಗ ಬರೆದಿಟ್ಟುಕೊಂಡಿದ್ದೆ" ಎಂದು ಸುಳ್ಳು ಹೇಳಿ ಓದತೊಡಗಿದಳು. "ಹಾಡಿಯ ಹಿಂದಿನ ಗದ್ದೆಯಿಂದ ಮೇಲೆ ಹತ್ತಿದರೆ ಮೊದಲ ಹಳ್ಳ."

"ಹೂಂ" ಎಂದಳು ಕಾರ್ತ್ಯಾಯಿನಿ. ಕಣ್ಣು ಮುಚ್ಚಿಕೊಂಡಿದ್ದಳು. "ಗದ್ದೆ ಹಿಂದೆ, ಮೊದಲ್ನೇ ಹಳ್ಳ."

"ಅದನ್ನು ದಾಟಬೇಡ. ಹಳ್ಳದ ಜೊತೆಗೇ ನಡೆದರೆ ಎರಡನೆಯದು ಬಂದು ಸೇರುತ್ತದೆ."

"ಹೂಂ. ದಾಟೋದಿಲ್ಲ. ಜೊತೆಗೇ. ಎರಡ್ನೇದು ಸೇರ್ತದೆ." ಒಂದೊಂದು ಮಾತಿಗೂ ಒಂದೊಂದು ಬೆರಳು ಮಡಚುತ್ತಿದ್ದಳು. ಹಿಂದಿನದನ್ನು ತುಟಿಯಲ್ಲೇ ಒಮ್ಮೆ ಹೇಳಿಕೊಂಡು, ಮತ್ತೆ ಹೂಂ ಎನ್ನುತ್ತಿದ್ದಳು. ಮೈಯೆಲ್ಲ ಕಿವಿಯಾಗಿ ಕೂತಿದ್ದಳು.

ಸುಮತಿಗೆ ಮೂರನೆಯ ಸಾಲು ಓದಲಾಗಲಿಲ್ಲ. ಹಾಳೆಯನ್ನು ಕೆಳಗಿಟ್ಟಳು.

"ಇದು ಸುಳ್ಳು. ಇದನ್ನ ಬೇರೆಯವರ ಕೈಲಿ ಬರೆಸಿದ್ದು" ಎಂದಳು. "ನಿನ್ನ ಅಪ್ಪ ಹೇಳಿದ್ದು ನನಗೆ ಗೊತ್ತಿಲ್ಲ. ನಾನು ಹೂಂ ಅಂದದ್ದು ನಿಜ. ಆದರೆ ಕೇಳಿಸಿಕೊಳ್ಳಲಿಲ್ಲ."

ಕಾರ್ತ್ಯಾಯಿನಿ ಕಣ್ಣು ತೆರೆದಳು. ಎರಡು ಬೆರಳು ಇನ್ನೂ ಮಡಚಿಯೇ ಇದ್ದವು.

"ಕೇಳ್ದೆ ಹೂಂ ಅಂದ್ರಾ?"

"ಹೌದು."

"ಅಷ್ಟೂ ಹೊತ್ತು?"

"ಹೌದು."

ಬೈದಿದ್ದರೆ ಸುಮತಿಗೆ ಸುಲಭವಾಗುತ್ತಿತ್ತು. ನನಗೂ. ನಾನು ಅವಳ ಬಾಯಿಗೆ ನಾಲ್ಕು ಒಳ್ಳೆಯ ಬೈಗುಳ ಇಟ್ಟು ನೋಡಿದೆ. ಅವಳು ಒಂದನ್ನೂ ಆಡಲಿಲ್ಲ. ಎದ್ದು ಸೆರಗು ಸರಿಮಾಡಿಕೊಂಡಳು.

"ಮಣ್ಣಿಲ್ದೆ ಮಾಡ್ತೀನಿ" ಎಂದಳು. "ಅಪ್ಪನ ತಲೆ ಹತ್ರ ಕೂತು ಹೇಳ್ತೀನಿ. ನೀನು ಸರಿಯಾಗೇ ಹೇಳಿದ್ದಿ ಅಪ್ಪ, ನಿನ್ನದೇನೂ ತಪ್ಪಿಲ್ಲ, ಕೇಳೋರು ಇರಲಿಲ್ಲ ಅಂತ."

೮

ಇಲ್ಲಿ ನಿಲ್ಲಿಸುತ್ತೇನೆ ಎಂದು ನಿರ್ಧಾರ ಮಾಡಿದ್ದೆ. ಅಮಾವಾಸ್ಯೆಗೆ ಎರಡು ದಿನ ಉಳಿದಿದೆ. ನಾನು ಮುಂದೆ ಬರೆಯದಿದ್ದರೆ ಆ ಎರಡು ದಿನ ಕಳೆಯುವುದಿಲ್ಲ, ತಲೆಯ ಕಡೆಯ ಆ ಹಿಡಿ ಜಾಗ ಇನ್ನೂ ಕಾಯುತ್ತಿರುತ್ತದೆ, ಯಾರಿಗೂ ತಡವಾಗಿರುವುದಿಲ್ಲ. ಕಥೆಗಾರನ ಕೈಯಲ್ಲಿರುವುದು ಇದೊಂದೇ ಉಪಕಾರ ಎಂದುಕೊಂಡಿದ್ದೆ.

ಕಾರ್ತ್ಯಾಯಿನಿ ಅದಕ್ಕೂ ಒಪ್ಪಲಿಲ್ಲ. "ನೀವು ಬರೆಯೋದು ಬಿಟ್ರೆ ಚಂದ್ರ ನಿಲ್ತಾನಾ ಸಾರೇ?" ಎಂದು ಕೇಳಿ, ನಾನು ಪೂರ್ಣವಿರಾಮ ಹಾಕುವ ಮೊದಲೇ ಮೆಟ್ಟಿಲಿಳಿದಳು. ಅವಳು ಬಸ್ಸು ಹಿಡಿಯಬೇಕಿತ್ತು. ಅಂಗನವಾಡಿಯಲ್ಲಿ ನಾಳೆಯ ಗಂಜಿಗೆ ಅಕ್ಕಿ ಆರಿಸಿಡಬೇಕಿತ್ತು.

ಸುಮತಿ ಹಿಂದೆಯೇ ಓಡಿದಳು. ಮೆಣಸಿನ ಅಂಗಡಿಯೆದುರು ನೇಮಿಚಂದ್ರ ತಕ್ಕಡಿ ಬಿಟ್ಟು ನೋಡುತ್ತಿದ್ದ. ಕೊಳವಳ್ಳಿ ಬಸ್ಸು ಬಂದು ನಿಂತಿತ್ತು, ಕಾರ್ತ್ಯಾಯಿನಿಯ ಒಂದು ಕಾಲು ಮೆಟ್ಟಿಲ ಮೇಲಿತ್ತು.

"ಕಾರ್ತ್ಯಾಯಿನೀ, ನಾನೂ ಬರ್ತೇನೆ. ಅಮಾವಾಸ್ಯೆ ದಿನ. ನಾನೂ ಬರ್ಲಾ?"

ಕಾರ್ತ್ಯಾಯಿನಿ ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಎಂಬಂತೆ ಕೇಳಿದಳು.

"ಬಂದು ಏನ್ ಮಾಡ್ತೀರಿ ಚೇಚಿ?"

ಇದಕ್ಕೆ ಸುಮತಿಯ ಉತ್ತರವನ್ನು ಐದು ಸಲ ಬರೆದೆ. ಐದೂ ಚೆನ್ನಾಗಿದ್ದವು, ಅದಕ್ಕೇ ಹರಿದುಹಾಕಿದೆ. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಸುಮತಿ ರಸ್ತೆಯಲ್ಲಿ ನಿಂತಿದ್ದಾಳೆ. ನಿಮಗೆ ಏನಾದರೂ ಹೊಳೆದರೆ ದಯವಿಟ್ಟು ನನಗೆ ಬರೆದು ಕಳಿಸಬೇಡಿ, ನಾನು ಅದನ್ನು ಅಚ್ಚು ಹಾಕಿಬಿಡುತ್ತೇನೆ. ಕೊಳವಳ್ಳಿಗೆ ಹೋಗಿ, ಅಂಗನವಾಡಿಯ ಹಿಂಬಾಗಿಲಲ್ಲಿ ಅವಳನ್ನು ಕಂಡು, ಅವಳಿಗೇ ಹೇಳಿ. ಅದಕ್ಕೂ ಮೊದಲು ಅವಳು ಹೇಳುವುದನ್ನು ಕೇಳಿ. ಅಮಾವಾಸ್ಯೆಗೆ ಇನ್ನೂ ಎರಡು ದಿನ ಇದೆ.